ಓದಿದ್ದೆಲ್ಲ ಪರೀಕ್ಷಾ ಕೊಠಡಿಯಲ್ಲಿ ಮರೆತುಹೋಗುವುದೇಕೆ?

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವರು. ಎರಡು ಎಕರೆ ಕಬ್ಬು, ಎರಡು ಹಸು ನಮ್ಮ ಜೀವನ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ, ಕನ್ನಡ ಮಾಧ್ಯಮ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶೇ 70 ಬಂದಿತ್ತು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಶೇ 55ಕ್ಕೆ ಇಳಿಯಿತು. ಗಣಿತದಲ್ಲಿ 80ಕ್ಕೆ 31. ಅಂದಿನಿಂದ ರಾತ್ರಿ ಒಂದು ಗಂಟೆಯವರೆಗೆ ಓದುತ್ತಾಳೆ, ನಾಲ್ಕಕ್ಕೆ ಏಳುತ್ತಾಳೆ. ಮನೆಯಲ್ಲಿ ಕೇಳಿದರೆ ಎಲ್ಲವೂ ಗೊತ್ತಿದೆ ಎನ್ನುತ್ತಾಳೆ. ಪರೀಕ್ಷೆಯಲ್ಲಿ ಮಾತ್ರ ಕೈ ತಣ್ಣಗಾಗಿ ತಲೆಯೆಲ್ಲ ಖಾಲಿಯಾಗುತ್ತದೆ ಎಂದು ಅಳುತ್ತಾಳೆ. ಊಟ ಕಡಿಮೆಯಾಗಿದೆ. ಅವಳ ತಂದೆ, "ನಮ್ಮ ಹಾಗೆ ಗದ್ದೆಯಲ್ಲಿ ಬೇಯಬೇಡ, ಓದು" ಎಂದು ದಿನವೂ ಹೇಳುತ್ತಾರೆ. ಮೊನ್ನೆ, "ನಾನು ಫೇಲಾದರೆ ನನ್ನನ್ನು ಮರೆತುಬಿಡಿ" ಎಂದಳು. ಸಿಟ್ಟಿಗೆ ಹೇಳಿರಬಹುದು. ಗಣಿತದ ಉತ್ತರ ಪತ್ರಿಕೆಯ ಫೋಟೊಗಳನ್ನು ಕಳುಹಿಸಿದ್ದೇನೆ. ಅವಳ ಒತ್ತಡ ಕಡಿಮೆಯಾಗುವುದು ಹೇಗೆ? ಉಳಿದಿರುವ ಆರೇಳು ವಾರಗಳಲ್ಲಿ ಅಂಕ ಹೆಚ್ಚಿಸಿಕೊಳ್ಳಲು ಆಗುತ್ತದೆಯೇ?
— ಒಬ್ಬ ತಾಯಿ

ಉತ್ತರ: ತಾಯಿ, ನಿಮ್ಮ ಪತ್ರದ ಕೊನೆಯಲ್ಲಿ ಬಂದ ಮಾತಿನಿಂದಲೇ ಶುರು ಮಾಡುತ್ತೇನೆ. "ನನ್ನನ್ನು ಮರೆತುಬಿಡಿ" ಎಂದ ಮಾತನ್ನು ಸಿಟ್ಟಿನ ಮಾತು ಎಂದು ಪಕ್ಕಕ್ಕೆ ಇಡಬೇಡಿ. ಸಿಟ್ಟಿನದೇ ಇರಬಹುದು. ಆದರೆ ಅದನ್ನು ಕೇಳಿ ತಿಳಿದುಕೊಳ್ಳಬೇಕೇ ಹೊರತು ನಾವೇ ಊಹಿಸಿಕೊಂಡು ಸಮಾಧಾನಪಡಬಾರದು. ಇವತ್ತು ರಾತ್ರಿ ಪಾತ್ರೆ ತೊಳೆಯುವ ಕೆಲಸ ಹಾಗೇ ಬಿದ್ದಿರಲಿ, ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. "ಮೊನ್ನೆ ಹಾಗೆ ಹೇಳಿದೆಯಲ್ಲ, ಬದುಕಿರುವುದೇ ಬೇಡ ಎಂದು ನಿನಗೆ ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕ ತಂದೆತಾಯಿಯರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೆ ಅಂಥ ಯೋಚನೆ ಇರುವ ಮಗುವಿಗೆ ಈ ಪ್ರಶ್ನೆಯಿಂದ ಎದೆಯ ಭಾರ ಇಳಿಯುತ್ತದೆ, ಇಲ್ಲದ ಮಗು "ಏನಮ್ಮ, ಹೀಗೆ ಕೇಳುತ್ತೀಯ" ಎಂದು ನಕ್ಕು ಬಿಡುತ್ತದೆ. ಅವಳು ಹೌದು ಎಂದರೆ, ಅಥವಾ ಏನೂ ಹೇಳದೆ ಅತ್ತರೆ, ಅವಳನ್ನು ಒಂಟಿಯಾಗಿ ಬಿಡಬೇಡಿ. ಗದ್ದೆಗೆ ತಂದಿಟ್ಟ ಔಷಧಿಯ ಡಬ್ಬಿಗಳು ಮನೆಯಲ್ಲಿದ್ದರೆ ಇವತ್ತೇ ಬೀಗದೊಳಗೆ ಇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜ್ವರಕ್ಕೆ ತೋರಿಸಿದ ಹಾಗೆಯೇ ಇದಕ್ಕೂ ತೋರಿಸುವುದು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡುವ ವಿಷಯ ಇದಲ್ಲ.

ಇನ್ನು ನಿಮ್ಮ ಎರಡು ಪ್ರಶ್ನೆಗಳು. ಒತ್ತಡ ಇಳಿಸುವುದು ಹೇಗೆ, ಅಂಕ ಏರಿಸುವುದು ಹೇಗೆ ಎಂದು ನೀವು ಬೇರೆ ಬೇರೆಯಾಗಿ ಕೇಳಿದ್ದೀರಿ. ನಾನು ಇಪ್ಪತ್ತೆರಡು ವರ್ಷ ಇದೇ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ, ಈಗ ಮಕ್ಕಳ ಆಪ್ತಸಮಾಲೋಚನೆಯಲ್ಲಿ ತೊಡಗಿದ್ದೇನೆ. ನಿಮ್ಮ ಮಗಳಂಥ ಮಕ್ಕಳಲ್ಲಿ ಇವೆರಡೂ ಒಂದೇ ಗಂಟಿನ ಎರಡು ತುದಿಗಳು ಎಂಬುದು ನನಗೆ ತರಗತಿಯಲ್ಲೂ ಕಂಡಿದೆ, ಇಲ್ಲಿಯೂ ಕಾಣುತ್ತಿದೆ. ಆ ಗಂಟು ಎಲ್ಲಿದೆ ಎಂದು ನೀವು ಕಳುಹಿಸಿದ ಉತ್ತರ ಪತ್ರಿಕೆಯೇ ತೋರಿಸಿಕೊಟ್ಟಿತು. ಒಳ್ಳೆಯ ಕೆಲಸ ಮಾಡಿದಿರಿ. ಬಹಳ ಮನೆಗಳಲ್ಲಿ ಉತ್ತರ ಪತ್ರಿಕೆ ಬಂದ ದಿನ ಮೇಲಿನ ಅಂಕ ನೋಡಿ, ಬೈದು, ಮಡಚಿ ಎಸೆಯುತ್ತಾರೆ. ಒಳಗಿನ ಪುಟಗಳನ್ನು ಯಾರೂ ತಿರುವುವುದಿಲ್ಲ.

ನಾನು ಪೆನ್ಸಿಲ್ ಹಿಡಿದು ಕುಳಿತು, ಕಳೆದುಹೋದ 49 ಅಂಕಗಳು ಎಲ್ಲೆಲ್ಲಿ ಹೋದವು ಎಂದು ಲೆಕ್ಕ ಹಾಕಿದೆ. ಅವಳು ಮೊದಲು ಕೈ ಹಾಕಿದ್ದೇ 5 ಅಂಕದ ಪ್ರಶ್ನೆಗೆ, ಗೋಪುರದ ಎತ್ತರ ಕಂಡುಹಿಡಿಯುವ ತ್ರಿಕೋನಮಿತಿಯ ಲೆಕ್ಕಕ್ಕೆ. ದೊಡ್ಡದನ್ನು ಮೊದಲು ಮುಗಿಸು ಎಂದು ಯಾರೋ ಹೇಳಿರಬೇಕು. ಮೊದಲ ಪುಟದಲ್ಲಿ ಅಕ್ಷರ ಮುತ್ತು ಪೋಣಿಸಿದಂತಿದೆ. ಅರ್ಧಕ್ಕೆ ಬಂದು ಹೊಡೆದು ಹಾಕಿದ್ದಾಳೆ. ಮತ್ತೆ ಶುರು ಮಾಡಿ ಮತ್ತೆ ಹೊಡೆದು ಹಾಕಿದ್ದಾಳೆ. ಎರಡು ಪುಟ ಹಾಗೇ ಹೋಗಿದೆ. ಅಲ್ಲಿಂದ ಮುಂದೆ ಅಕ್ಷರ ವಾಲತೊಡಗುತ್ತದೆ, ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಭಯ ಅಲ್ಲಿಂದಲೇ ಶುರುವಾಯಿತು ಎಂದು ಪುಟದ ಮೇಲೆ ಬೆರಳಿಟ್ಟು ತೋರಿಸಬಹುದು. ಕೊನೆಗೆ 3 ಅಂಕದ ಮೂರು ಪ್ರಶ್ನೆ, 4 ಅಂಕದ ಒಂದು, 1 ಅಂಕದ ಮೂರು ಪ್ರಶ್ನೆಗಳನ್ನು ಮುಟ್ಟಿಯೇ ಇಲ್ಲ. ಖಾಲಿ ಬಿಟ್ಟಿದ್ದೇ 16 ಅಂಕ. ಕೈತಪ್ಪಿನಿಂದ ಹೋಗಿದ್ದು 9. ಉದಾಹರಣೆಗೆ 3, 8, 13 ಎಂದು ಸಾಗುವ ಸಮಾಂತರ ಶ್ರೇಢಿಯ 20ನೇ ಪದ ಕೇಳಿದ್ದಾರೆ. ಸೂತ್ರ ಸರಿಯಾಗಿ ಬರೆದಿದ್ದಾಳೆ. ಆದರೆ 19ರಿಂದ ಗುಣಿಸಬೇಕಾದ ಕಡೆ 20ರಿಂದ ಗುಣಿಸಿ 98ರ ಬದಲು 103 ಎಂದು ಉತ್ತರ ಬರೆದಿದ್ದಾಳೆ. ಉಳಿದ 24 ಅಂಕ ಮಾತ್ರ ನಿಜವಾಗಿಯೂ ಗೊತ್ತಿಲ್ಲದೆ ಹೋದವು.

ಅಂದರೆ 49ರಲ್ಲಿ 25 ಅಂಕಗಳು ಹೊಸದಾಗಿ ಒಂದು ಅಕ್ಷರ ಕಲಿಯದೆ ವಾಪಸು ಬರಬಹುದಾದ ಅಂಕಗಳು. ಎಲ್ಲವೂ ಬರುತ್ತವೆ ಎಂದು ನಾನು ಹೇಳುವುದಿಲ್ಲ. ಅರ್ಧ ಬಂದರೂ 31 ಇದ್ದದ್ದು 43 ಆಗುತ್ತದೆ. ಈ ಲೆಕ್ಕವನ್ನು ಅವಳಿಗೆ ತೋರಿಸಿ. "ನನಗೆ ಗಣಿತ ಬರುವುದಿಲ್ಲ" ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಾಳೆ. ಪತ್ರಿಕೆ ಹೇಳುತ್ತಿರುವುದು ಅದನ್ನಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಗೊತ್ತಿದ್ದದ್ದು ಅಲ್ಲಿ ಏಕೆ ಮರೆಯುತ್ತದೆ? ಅವಳು ಸುಳ್ಳು ಹೇಳುತ್ತಿಲ್ಲ. ಪುಸ್ತಕ ತೆರೆದು ಐದನೇ ಸಲ ಓದುವಾಗ ಪ್ರತಿ ಸಾಲೂ ಪರಿಚಯದ ಮುಖದ ಹಾಗೆ ಕಾಣುತ್ತದೆ. ಸಂತೆಯಲ್ಲಿ ಎದುರಾದವರ ಗುರುತು ಸಿಗುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ, ಅಲ್ಲವೇ? ಗುರುತು ಸಿಗುವುದು ಬೇರೆ, ನೆನಪಿಗೆ ಬರುವುದು ಬೇರೆ. ಮತ್ತೆ ಮತ್ತೆ ಓದುವುದರಿಂದ ಬೆಳೆಯುವುದು ಗುರುತು. ಪರೀಕ್ಷೆ ಕೇಳುವುದು ನೆನಪನ್ನು. ಪುಸ್ತಕವಿಲ್ಲದೆ ಆ ವಿಷಯವನ್ನು ತಲೆಯಿಂದ ಹೊರಗೆ ತೆಗೆಯುವ ಕೆಲಸವನ್ನು ಅವಳು ಮೊಟ್ಟಮೊದಲ ಬಾರಿಗೆ ಮಾಡುತ್ತಿರುವುದೇ ಪರೀಕ್ಷಾ ಕೊಠಡಿಯಲ್ಲಿ. ಅಲ್ಲಿ ಅದು ಬರದಿದ್ದಾಗ ಎದೆ ಧಸಕ್ ಎನ್ನುತ್ತದೆ.

ಇದನ್ನು 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ ಮೇಲೆ, ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಮುಚ್ಚಿಟ್ಟು ಬರೆದವರಿಗೆ ಹೆಚ್ಚು ಉಳಿದಿತ್ತು. ನಿಮ್ಮ ಮಗಳು ರಾತ್ರಿ "ಎಲ್ಲ ಗೊತ್ತಿದೆ" ಎನ್ನುವುದು ಆ ಐದು ನಿಮಿಷದ ಮಾತು.

ಇದರ ಮೇಲೆ ಭಯ ಬಂದು ಕೂರುತ್ತದೆ. ಲೆಕ್ಕ ಮಾಡುವಾಗ ಸೂತ್ರವನ್ನೂ ಸಂಖ್ಯೆಗಳನ್ನೂ ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ಒಂದು ಜಾಗ ಮನಸ್ಸಿನಲ್ಲಿದೆ. ಕಾರ್ಯಸ್ಮೃತಿ ಎನ್ನುತ್ತಾರೆ. ಅದು ನಮ್ಮ ಹಳೆಯ ಮನೆಗಳ ಜಗಲಿಯಂತೆ, ನಾಲ್ಕೈದು ಜನರಿಗಷ್ಟೇ ಜಾಗ. "ಅಪ್ಪ ಏನೆನ್ನುತ್ತಾರೋ", "ಹೊತ್ತಾಯಿತು", "ಪಕ್ಕದವಳು ಆಗಲೇ ಹೆಚ್ಚುವರಿ ಹಾಳೆ ಕೇಳಿದಳು" ಎಂಬ ಮೂವರು ಬಂದು ಕುಳಿತರೆ ಸೂತ್ರಕ್ಕೆ ಜಾಗವೆಲ್ಲಿ? 19 ಹೋಗಿ 20 ಆಗುವುದು ಹೀಗೆಯೇ. ಕೈ ತಣ್ಣಗಾಗುವುದಕ್ಕೆ ಕಾರಣ ಅಡ್ರಿನಲಿನ್. ಅಪಾಯ ಬಂತೆಂದು ದೇಹ ರಕ್ತವನ್ನು ದೊಡ್ಡ ಸ್ನಾಯುಗಳ ಕಡೆಗೆ ಕಳುಹಿಸುತ್ತದೆ, ಬೆರಳಿಗೆ ಬರುವುದು ಕಡಿಮೆಯಾಗುತ್ತದೆ. ಇದು ಕಾಯಿಲೆಯಲ್ಲ. ಇಷ್ಟನ್ನು ತಿಳಿಸಿದರೇ ಎಷ್ಟೋ ಮಕ್ಕಳ ಮುಖ ಅರಳಿದ್ದನ್ನು ನೋಡಿದ್ದೇನೆ. ತನಗೇನೋ ಆಗಿಬಿಟ್ಟಿದೆ ಎಂಬ ಗಾಬರಿಯೇ ಅರ್ಧ ಹೊರೆ.

ಸ್ವಲ್ಪ ಆತಂಕ ಇರಲಿ. ಅದು ಇಲ್ಲದವರು ಪುಸ್ತಕವನ್ನೇ ಮುಟ್ಟುವುದಿಲ್ಲ. ನಾಲೆಯ ನೀರಿನಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿಲ್ಲದೆ ಕಬ್ಬು ಒಣಗುತ್ತದೆ, ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ತೂಬನ್ನು ಎಷ್ಟು ಎತ್ತಬೇಕೆಂಬುದೇ ಪ್ರಶ್ನೆ.

ಹಾಗಾದರೆ ಮಾಡಬೇಕಾದದ್ದೇನು? ಇಲ್ಲಿಂದ ಮುಂದಿನದನ್ನು ನಿಮ್ಮ ಮಗಳೇ ಓದಲಿ.

ಮಗಳೇ, ನಾಳೆಯಿಂದ ಓದುವ ಹೊತ್ತಿನಲ್ಲಿ ಅರ್ಧದಷ್ಟು ಸಮಯ ಪುಸ್ತಕ ಮುಚ್ಚಿರಬೇಕು. ಸಮಾಜ ವಿಜ್ಞಾನದಲ್ಲಿ ಮೈಸೂರು ಯುದ್ಧಗಳನ್ನು ಓದಿದೆ ಎಂದುಕೊಳ್ಳೋಣ. ಇಪ್ಪತ್ತು ನಿಮಿಷ ಓದು. ಮುಚ್ಚಿಡು. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ತೆಗೆದುಕೊಂಡು ಮೇಲೆ "ಶ್ರೀರಂಗಪಟ್ಟಣ ಒಪ್ಪಂದ, 1792" ಎಂದು ಬರೆದು, ಕೆಳಗೆ ನೆನಪಿಗೆ ಬಂದಷ್ಟನ್ನು ಬರೆ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು ಎಂಬುದು ತಕ್ಷಣ ಬರುತ್ತದೆ. ಯುದ್ಧನಷ್ಟ ಕಟ್ಟಿಕೊಡಬೇಕಾಯಿತು ಎಂಬುದು ಸ್ವಲ್ಪ ತಡವಾಗಿ ಬರಬಹುದು. ಆಮೇಲೆ ಪೆನ್ನು ನಿಲ್ಲುತ್ತದೆ. ಇನ್ನೇನೋ ಇತ್ತು, ಪುಟದ ಕೆಳಗಡೆ ಎಡಕ್ಕೆ ಇತ್ತು ಎನ್ನುವುದೂ ಕಾಣುತ್ತದೆ, ವಿಷಯ ಮಾತ್ರ ಬರುವುದಿಲ್ಲ. ಆಗ ಪುಸ್ತಕ ತೆರೆಯಬೇಡ. ಒಂದು ನಿಮಿಷ ಹಾಗೇ ಕುಳಿತುಕೋ. ಆ ಒಂದು ನಿಮಿಷದ ತಿಣುಕಾಟವೇ ನಿಜವಾದ ಓದು. ಬಂದರೆ ಬರೆ, ಬರದಿದ್ದರೆ ಪುಸ್ತಕ ತೆರೆದು ನೋಡು: ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅದನ್ನು ಕೆಂಪು ಶಾಯಿಯಲ್ಲಿ ಬರೆ. ಕೆಂಪು ಶಾಯಿಯಲ್ಲಿ ಬರೆದದ್ದಷ್ಟೇ ನಾಳೆಯ ಓದು. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಅದೇ ಹಾಳೆಯನ್ನು ಹೊಸದಾಗಿ ಬರೆದು ನೋಡು. ಕಲಿತದ್ದು ಮೊದಲ ದಿನಗಳಲ್ಲೇ ಹೆಚ್ಚು ಸೋರಿಹೋಗುತ್ತದೆ ಎಂದು 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ಸೋರುವ ಮೊದಲೇ ಒಮ್ಮೆ ಮುಟ್ಟಿದರೆ ಅದು ನಿಲ್ಲುತ್ತದೆ.

ಒಂದು ಎಚ್ಚರಿಕೆ ಕೊಡುತ್ತೇನೆ. ಮೊದಲ ನಾಲ್ಕೈದು ದಿನ ಇದು ನಿನಗೆ ಬೇಸರ ತರಿಸುತ್ತದೆ. "ನನಗೆ ಏನೂ ಬರುವುದಿಲ್ಲ, ಓದುವುದೇ ಚೆನ್ನಾಗಿತ್ತು" ಅನ್ನಿಸುತ್ತದೆ. ಹೆಚ್ಚಿನ ಮಕ್ಕಳು ಇದನ್ನು ಕೈಬಿಡುವುದು ಇಲ್ಲಿಯೇ. ನೀನು ಬಿಡಬೇಡ. ಮರೆತದ್ದು ಮನೆಯಲ್ಲೇ ಗೊತ್ತಾದರೆ ಅದರ ಬೆಲೆ ಒಂದು ಕೆಂಪು ಸಾಲು. ಕೊಠಡಿಯಲ್ಲಿ ಗೊತ್ತಾದರೆ ಅದರ ಬೆಲೆ ಮೂರು ಅಂಕ. ಎಂಟು ಹತ್ತು ದಿನ ಕಳೆದ ಮೇಲೆ, ನಿಂತ ಪೆನ್ನು ಮತ್ತೆ ಚಲಿಸುವುದನ್ನು ನೀನೇ ಹಲವು ಸಲ ನೋಡಿರುತ್ತೀಯ. ಪರೀಕ್ಷೆಯ ದಿನ ಪೆನ್ನು ನಿಂತಾಗ ಕೈ ಅಷ್ಟು ತಣ್ಣಗಾಗುವುದಿಲ್ಲ. ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಸಂಜೆ ಡೈರಿಗೆ ಹಾಲು ಹಾಕಲು ಹೋಗುವವರು ನಿಮ್ಮ ಮನೆಯಲ್ಲಿ ಯಾರು? ನೀನೇ ಆದರೆ ಆ ಕೆಲಸ ಬಿಡಬೇಡ. ಕ್ಯಾನು ಹಿಡಿದು ಹೋಗುವಾಗ ಬೆಳಗಿನ ಪಾಠವೊಂದನ್ನು ನಿನಗೆ ನೀನೇ ಹೇಳಿಕೊಂಡು ಹೋಗು. ಎಲ್ಲಿ ತೊಡರಿತೋ ಅದನ್ನು ಮನೆಗೆ ಬಂದು ನೋಡು. ನಡಿಗೆಯೂ ಆಯಿತು, ಓದೂ ಆಯಿತು, ಕಣ್ಣಿಗೆ ಹಸಿರೂ ಸಿಕ್ಕಿತು. ಕೊಠಡಿಯೊಳಗೆ ಮುದುಡಿ ಕೂರುವ ಇನ್ನೊಂದು ಗಂಟೆಗಿಂತ ಇದು ಹೆಚ್ಚು ಕೊಡುತ್ತದೆ.

ಗಣಿತಕ್ಕೆ ಬೇರೆ ಮಾತು ಬೇಕು. ಯಾರೋ ಮಾಡಿದ ಲೆಕ್ಕವನ್ನು ಗೈಡಿನಲ್ಲಿ ಓದುವುದು, ಮೊಬೈಲಿನಲ್ಲಿ ಶಿಕ್ಷಕರು ಬಿಡಿಸುವುದನ್ನು ನೋಡುವುದು ಗಣಿತದ ಅಭ್ಯಾಸವಲ್ಲ. ನೋಡುವಾಗ ಎಲ್ಲವೂ ಸಲೀಸು. ವಿಡಿಯೊ ನೋಡಿದೆಯಾ, ನಿಲ್ಲಿಸಿ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡು. ಒಂದೇ ಅಧ್ಯಾಯದ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡುವುದರಲ್ಲೂ ಒಂದು ಮೋಸವಿದೆ. ಎರಡನೆಯ ಲೆಕ್ಕದಿಂದಲೇ ಯಾವ ಸೂತ್ರ ಎಂದು ಯೋಚಿಸಬೇಕಾಗಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯ ಮೇಲೆ ಅಧ್ಯಾಯದ ಹೆಸರು ಬರೆದಿರುವುದಿಲ್ಲವಲ್ಲ. ಆದ್ದರಿಂದ ವರ್ಗ ಸಮೀಕರಣದ ಒಂದು, ವೃತ್ತದ ಒಂದು, ಸಂಭವನೀಯತೆಯ ಒಂದು ಲೆಕ್ಕವನ್ನು ಕಲಸಿಟ್ಟುಕೊಂಡು ಮಾಡು.

ಸಮಯದ ಲೆಕ್ಕವನ್ನು ಒಮ್ಮೆ ಕುಳಿತು ಅರಗಿಸಿಕೋ. ಪ್ರಶ್ನೆ ಪತ್ರಿಕೆ ಓದಲು ಮೊದಲು 15 ನಿಮಿಷ ಕೊಡುತ್ತಾರೆ. ಬರೆಯಲು ಮೂರು ಗಂಟೆ, ಅಂದರೆ 180 ನಿಮಿಷ, 80 ಅಂಕ. ಒಂದು ಅಂಕಕ್ಕೆ ಎರಡೂ ಕಾಲು ನಿಮಿಷ. 5 ಅಂಕದ ಪ್ರಶ್ನೆಗೆ ಹನ್ನೊಂದು, ಹೆಚ್ಚೆಂದರೆ ಹನ್ನೆರಡು ನಿಮಿಷ. ಅದು ಬಗೆಹರಿಯದಿದ್ದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗು. ನೀನು ಬರೆದ ಮಾದರಿಯ ಪತ್ರಿಕೆಯಲ್ಲಿ 1 ಅಂಕದ ಪ್ರಶ್ನೆಗಳು ಹದಿನಾರು, 2 ಅಂಕದವು ಎಂಟು. ಎರಡೂ ಸೇರಿದರೆ 32 ಅಂಕ. ಶುರು ಮಾಡಬೇಕಾದದ್ದು ಅಲ್ಲಿಂದ. ನಾಲ್ಕು ಉತ್ತರ ಸರಿಯಾಗಿ ಬಂತೆಂದರೆ ಕೈಗೆ ತಾನಾಗಿಯೇ ಬಿಸಿ ಬರುತ್ತದೆ. ದೊಡ್ಡ ಲೆಕ್ಕದಲ್ಲಿ ಕೊನೆಯ ಉತ್ತರ ಸಿಗದಿದ್ದರೂ ಬರೆದಷ್ಟು ಹಂತಗಳಿಗೆ ಅಂಕವಿದೆ. ಪ್ರಮೇಯ ಪೂರ್ತಿ ಬರದಿದ್ದರೂ ಚಿತ್ರ ಬರೆದು ದತ್ತ, ಸಾಧನೀಯ, ರಚನೆಯವರೆಗೆ ಬರೆದೇ ಬರೆ. ಮೌಲ್ಯಮಾಪನಕ್ಕೆ ಕುಳಿತು ಕಟ್ಟುಗಟ್ಟಲೆ ಪತ್ರಿಕೆ ತಿದ್ದಿದವಳಾಗಿ ಹೇಳುತ್ತೇನೆ, ಖಾಲಿ ಜಾಗಕ್ಕೆ ಅಂಕ ಕೊಡಲು ನಮಗೆ ಮನಸ್ಸಿದ್ದರೂ ದಾರಿಯಿರುವುದಿಲ್ಲ. ನಾಲ್ಕು ಸಾಲಿದ್ದರೆ ಅದರಲ್ಲಿ ಏನಾದರೂ ಹುಡುಕುತ್ತೇವೆ.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ಜಾಲತಾಣದಲ್ಲಿ ಮಾದರಿ ಪ್ರಶ್ನೆ ಪತ್ರಿಕೆಗಳನ್ನು ಹಾಕುತ್ತದೆ. ಶಾಲೆಯಲ್ಲಿ ಕೇಳಿದರೆ ಪ್ರತಿ ಕೊಡುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ನಿಜವಾದ ಪರೀಕ್ಷೆಯ ಹಾಗೆ, ಗಡಿಯಾರ ಮುಂದಿಟ್ಟುಕೊಂಡು ಒಂದನ್ನು ಪೂರ್ತಿ ಬರೆ. ಮಧ್ಯೆ ಎದ್ದು ನೀರು ಕುಡಿಯುವುದು, ಮನೆಯವರ ಜೊತೆ ಮಾತು, ಯಾವುದೂ ಬೇಡ. ಆಮೇಲೆ ನೀನೇ ತಿದ್ದು. ಖಾಲಿ ಬಿಟ್ಟದ್ದು, ಕೈತಪ್ಪಿದ್ದು, ಗೊತ್ತಿಲ್ಲದ್ದು ಎಂದು ಮೂರು ರಾಶಿ ಮಾಡು. ಕೈತಪ್ಪಿಗೆ ಒಂದು ಪುಟ್ಟ ಪುಸ್ತಕ ಇಟ್ಟುಕೋ. "ಪದ ಕಂಡುಹಿಡಿಯುವಾಗ ಒಂದು ಕಳೆಯಲು ಮರೆತೆ" ಎಂಬಂಥ ಒಂದೊಂದು ಸಾಲು ಸಾಕು. ತಪ್ಪುಗಳು ನೂರು ಬಗೆಯವಲ್ಲ, ಆರೇಳು ತಪ್ಪುಗಳನ್ನೇ ನಾವು ಮತ್ತೆ ಮತ್ತೆ ಮಾಡುತ್ತಿರುತ್ತೇವೆ ಎಂಬುದು ಮೂರು ವಾರದಲ್ಲಿ ನಿನಗೇ ಕಾಣುತ್ತದೆ.

ಉಳಿದ ವಿಷಯಗಳಿಗೆ ಇಷ್ಟು ಉದ್ದ ಬೇಕಿಲ್ಲ. ವಿಜ್ಞಾನದಲ್ಲಿ ಕಣ್ಣು, ಹೃದಯ, ಮಿದುಳಿನ ಚಿತ್ರಗಳನ್ನು ನೋಡಿ ಬರೆಯುವುದಲ್ಲ, ನೋಡದೆ ಬರೆದು ಭಾಗಗಳನ್ನು ಗುರುತಿಸಬೇಕು. ಭಾರತದ ಭೂಪಟವೂ ಹಾಗೆಯೇ. ಇಂಗ್ಲಿಷಿಗೆ ದಿನಕ್ಕೆ ಒಂದು ಪತ್ರ ಅಥವಾ ಒಂದು ಸಣ್ಣ ಪ್ರಬಂಧ ಬರೆ. ಉರು ಹೊಡೆದ ಪ್ರಬಂಧದ ಮಧ್ಯೆ ಒಂದು ಪದ ಮರೆತರೆ ಪೂರ್ತಿ ಕುಸಿಯುತ್ತದೆ, ಸ್ವಂತ ಸಣ್ಣ ವಾಕ್ಯಗಳು ಕೈಬಿಡುವುದಿಲ್ಲ. ಕನ್ನಡವನ್ನು ಮನೆಮಾತು ಎಂದು ಉಪೇಕ್ಷಿಸಬೇಡ. 125 ಅಂಕ ಇರುವುದು ಪ್ರಥಮ ಭಾಷೆಗೆ ಮಾತ್ರ.

ನಿದ್ದೆಯ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ರಾತ್ರಿ ಒಂದಕ್ಕೆ ಮಲಗಿ ನಾಲ್ಕಕ್ಕೆ ಏಳುವುದೆಂದರೆ ಮೂರು ಗಂಟೆ. ನಿನ್ನ ವಯಸ್ಸಿಗೆ ಎಂಟು ಗಂಟೆ ಬೇಕು. ಹಗಲು ಓದಿದ್ದನ್ನು ಮಿದುಳು ಭದ್ರಪಡಿಸಿಕೊಳ್ಳುವುದೇ ನಿದ್ದೆಯಲ್ಲಿ. ನಿದ್ದೆಗೆಟ್ಟು ಓದುವುದು, ತುಂಬಿದ ಕೊಡವನ್ನು ಹೊಸ್ತಿಲ ಹೊರಗೇ ಬಿಟ್ಟು ಬಂದಂತೆ. ನಸುಕಿನಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎಂದು ಹಿರಿಯರು ಹೇಳುತ್ತಿದ್ದದ್ದು ನಿಜ. ಆದರೆ ಅವರು ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಉಂಡು ಮಲಗುತ್ತಿದ್ದರು. ಒಂಬತ್ತೂವರೆಗೆ ಮಲಗಿ ಐದೂವರೆಗೆ ಏಳು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ವಿಶೇಷ ತರಗತಿ ಮುಗಿಸಿ ಬಂದ ಮೇಲೆ ಎರಡು ಗಂಟೆ ಮುಚ್ಚಿದ ಪುಸ್ತಕದ ಓದು ಸಾಕು. ಕಡಿಮೆಯಾಯಿತು ಅನ್ನಿಸಬಹುದು. ನೀನು ಈಗ ಓದುತ್ತಿರುವ ಆರು ಗಂಟೆಗಿಂತ ಇದು ಹೆಚ್ಚು ಉಳಿಸುತ್ತದೆ.

ಭಯ ಏರಿದಾಗ ಮಾಡಬೇಕಾದದ್ದು ಒಂದೇ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೋ, ಆರು ಎಣಿಸುವವರೆಗೆ ನಿಧಾನವಾಗಿ ಬಿಡು. ಹತ್ತು ಸಲ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಆದರೆ ಇದನ್ನು ಇವತ್ತಿನಿಂದಲೇ ಮಲಗುವ ಮುಂಚೆ ಮಾಡಬೇಕು. ಈಜು ಬಾರದವರು ನಾಲೆಗೆ ಬಿದ್ದ ಮೇಲೆ ಕಲಿಯಲಾಗದು. ಇನ್ನೊಂದನ್ನೂ ಮಾಡಿ ನೋಡು. ಪರೀಕ್ಷೆಯ ದಿನ ಬೆಳಿಗ್ಗೆ ಹತ್ತು ನಿಮಿಷ, ನಿನಗೆ ಯಾವುದರ ಭಯ ಎಂದು ಮುಚ್ಚುಮರೆಯಿಲ್ಲದೆ ಒಂದು ಹಾಳೆಯಲ್ಲಿ ಬರೆದು ಹರಿದು ಹಾಕು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಬರೆದ ಆತಂಕದ ಮಕ್ಕಳು ಪರೀಕ್ಷೆಯಲ್ಲಿ ಮೇಲಾಗಿ ಬರೆದರು. ಎಲ್ಲರಿಗೂ ಒಂದೇ ಸಮ ಫಲಿಸುವುದಿಲ್ಲ. ನನ್ನ ಬಳಿ ಬಂದ ಕೆಲವು ಮಕ್ಕಳಿಗೆ ಇದು ಜಗಲಿ ಖಾಲಿ ಮಾಡಿಸಿದಂತಾಗಿದೆ.

ಈಗ ಮತ್ತೆ ನಿಮಗೆ, ತಾಯಿ. ಪತ್ರವನ್ನು ಅವಳ ತಂದೆಗೂ ಓದಿ ಹೇಳಿ. "ನಮ್ಮ ಹಾಗೆ ಬೇಯಬೇಡ" ಎಂಬ ಅವರ ಮಾತಿನ ಹಿಂದೆ ಎಷ್ಟು ಬಿಸಿಲು, ಎಷ್ಟು ಬಾಕಿ ಬಿಲ್ಲು, ಎಷ್ಟು ಪ್ರೀತಿ ಇದೆ ಎಂಬುದು ನನಗೆ ತಿಳಿಯುತ್ತದೆ. ನನ್ನ ತಂದೆಯೂ ಅದೇ ಮಾತು ಹೇಳುತ್ತಿದ್ದರು. ಆದರೆ ಹದಿನೈದು ವರ್ಷದ ಮಗುವಿಗೆ ಅದು ಹೀಗೆ ಕೇಳುತ್ತದೆ: ನಾನು ಸೋತರೆ ಅಪ್ಪನ ಇಡೀ ದುಡಿಮೆ ವ್ಯರ್ಥ. ಅಷ್ಟು ಭಾರ ಹೊತ್ತುಕೊಂಡು ಯಾರೂ ಲೆಕ್ಕ ಬಿಡಿಸಲಾರರು. ಅವರು ಒಂದು ಸಂಜೆ, ಬೇರೆ ಯಾವ ಮಾತೂ ಸೇರಿಸದೆ, "ಎಷ್ಟು ಬಂದರೂ ನೀನು ನನ್ನ ಮಗಳೇ" ಎಂದು ಹೇಳಲಿ. "ಆದರೆ" ಎಂದು ಮುಂದುವರಿಸದಿರಲಿ. ನೀವು "ಎಷ್ಟು ಓದಿದೆ?" ಎಂದು ಕೇಳುವುದರ ಬದಲು "ಇವತ್ತು ಏನು ನೆನಪಿಟ್ಟೆ, ನನಗೂ ಹೇಳು" ಎಂದು ಕೇಳಿ. ನೀವು ಹತ್ತನೇ ತರಗತಿ ಓದಿರದಿದ್ದರೂ ಅಡ್ಡಿಯಿಲ್ಲ. ಮುದ್ದೆ ತಿರುವುತ್ತಾ ಕೇಳಿಸಿಕೊಳ್ಳಿ, ಅರ್ಥವಾಗದಿದ್ದರೆ "ಮತ್ತೆ ಹೇಳು" ಎನ್ನಿ. ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗಲೇ ಅವಳಿಗೆ ಅದು ನಿಲ್ಲುತ್ತದೆ.

ಅವಳಿಗೆ ತಮ್ಮನಿದ್ದರೆ, ಪಾತ್ರೆ ಮತ್ತು ಕಸದ ಕೆಲಸ ಈ ಆರು ವಾರ ಅವನದಾಗಲಿ. ಎಷ್ಟೋ ಮನೆಗಳಲ್ಲಿ ಹತ್ತನೇ ತರಗತಿಯ ಹುಡುಗನಿಗೆ ಓದುವ ಜಾಗಕ್ಕೇ ಹಾಲು ಬರುತ್ತದೆ, ಹತ್ತನೇ ತರಗತಿಯ ಹುಡುಗಿ ಕೊಟ್ಟಿಗೆ ಗುಡಿಸಿ ಓದಲು ಕೂರುತ್ತಾಳೆ. ಇದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ. ಮಾರ್ಚ್ ಹೊತ್ತಿಗೆ ಊರ ಹಬ್ಬಗಳು, ಮೇಲುಕೋಟೆಯ ವೈರಮುಡಿ ಎಂದು ನೆಂಟರು ಬರುವ ಕಾಲ. ಬಂದವರು "ಎಷ್ಟು ತೆಗೆಯುತ್ತೀಯ?" ಎಂದು ಕೇಳಿದರೆ ಉತ್ತರ ನೀವು ಕೊಡಿ, ಅವಳಿಗೆ ಬಿಡಬೇಡಿ. ಧ್ವನಿವರ್ಧಕದ ಗಲಾಟೆ ಇದ್ದ ರಾತ್ರಿಗಳಲ್ಲಿ ಊರಿನ ಹಿರಿಯರಿಗೆ ನೇರವಾಗಿ ಹೇಳಿ, ಪರೀಕ್ಷೆ ಬರೆಯುವ ಮಕ್ಕಳು ನಿಮ್ಮ ಮನೆಯಲ್ಲಷ್ಟೇ ಇರುವುದಿಲ್ಲ.

ಇನ್ನೂ ಒಂದು ಸಂಗತಿ ಅವಳಿಗೆ ತಿಳಿದಿರಲಿ. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಪಾಸಾದವರೂ ಅಂಕ ಸಾಲದೆಂದರೆ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಮೊದಲನೆಯದಕ್ಕೆ ಪೂರ್ತಿ ಮನಸ್ಸಿಟ್ಟು ಓದಲಿ, ಆದರೆ ಆ ಒಂದು ಬೆಳಿಗ್ಗೆಯೇ ಹಣೆಬರಹ ಎಂದುಕೊಳ್ಳಬೇಕಾಗಿಲ್ಲ. ನಾವು ಬರೆಯುವ ಕಾಲಕ್ಕೆ ಈ ಅನುಕೂಲ ಇರಲಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಪ್ರವೇಶ ಪತ್ರ, ಎರಡು ಪೆನ್ನು, ಜ್ಯಾಮಿತಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಟ್ಟು ಮಲಗಿಸಿ. ಬೆಳಿಗ್ಗೆ ಹೊಟ್ಟೆ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಎರಡು ಇಡ್ಲಿಯೋ ಒಂದು ಲೋಟ ರಾಗಿ ಗಂಜಿಯೋ ಸಾಕು. ಕೇಂದ್ರ ಬೇರೆ ಊರಿನಲ್ಲಿದ್ದರೆ ಒಂದು ಬಸ್ ಮುಂಚಿತವಾಗಿಯೇ ಹೊರಡಿ. ಗೇಟಿನ ಮುಂದೆ "ಅದು ಓದಿದೆಯಾ, ಇದು ಬರುತ್ತಂತೆ" ಎನ್ನುವ ಗುಂಪಿನಿಂದ ದೂರ ನಿಲ್ಲಲಿ. ಬರೆದು ಬಂದ ಮೇಲೆ ಆ ಪತ್ರಿಕೆಯ ಉತ್ತರ ತಾಳೆ ನೋಡುವುದು ಬೇಡ, ಮಾರನೆಯ ಪರೀಕ್ಷೆ ಮುಖ್ಯ.

ಅದಕ್ಕೆ ಮುನ್ನ ಎರಡನೇ ಪೂರ್ವಸಿದ್ಧತಾ ಪರೀಕ್ಷೆ ಬರುತ್ತದೆ. ಅದರ ಗಣಿತದ ಉತ್ತರ ಪತ್ರಿಕೆಯನ್ನೂ ಫೋಟೊ ತೆಗೆದು ಕಳುಹಿಸಿ. ಮೇಲಿನ ಅಂಕವನ್ನು ಆಮೇಲೆ ನೋಡೋಣ. ಖಾಲಿ ಬಿಟ್ಟ 16 ಅಂಕ ಎಷ್ಟಕ್ಕೆ ಇಳಿದಿದೆ ಎಂದು ಅವಳ ಕೈಯಲ್ಲೇ ಎಣಿಸಿ ಬರೆಸಿ, ನಾನು ಕಾಯುತ್ತಿರುತ್ತೇನೆ. ಇವತ್ತು ರಾತ್ರಿ ಕೇಳಬೇಕಾದ ಆ ಮೊದಲ ಪ್ರಶ್ನೆಯನ್ನು ಮಾತ್ರ ನಾಳೆಗೆ ಇಡಬೇಡಿ.